ಏರಿಯ ಮೇಲೆ ಹೆಜ್ಜೆ: ಹಳೇಕೋಟೆ ಸೀಮೆಯಲ್ಲಿ ಒಂದು ದಿನದ ಚಾರಣ

ಚಾರಣ ಎಂದ ಕೂಡಲೇ ಹಾಸನದವರ ಬೈಕು ಸಕಲೇಶಪುರದ ಘಟ್ಟದ ಕಡೆಗೇ ತಿರುಗುತ್ತದೆ. ಆದರೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸುತ್ತಮುತ್ತ, ಬೆಳಿಗ್ಗೆ ಹೊರಟು ಮಧ್ಯಾಹ್ನದ ಊಟಕ್ಕೆ ಮನೆಗೆ ಮರಳುವಷ್ಟು ಹತ್ತಿರದಲ್ಲಿ, ಕೆರೆ ಏರಿಗಳಿವೆ, ಕುರುಚಲು ಕಾಡಿನ ಬೆಟ್ಟಗಳಿವೆ. ಇಲ್ಲಿ ನಡೆಯುವುದಕ್ಕೆ ದುಬಾರಿ ಸಲಕರಣೆ ಬೇಡ, ತಯಾರಿ ಬೇಕು. ಜನ ಓಡಾಡುವ ಕೆರೆ ಕಾಣದಂತೆ ಒತ್ತುವರಿಯಾಗುವುದು ಕಷ್ಟ. ಹಾಗಾಗಿ ಈ ನಡಿಗೆ ನಮ್ಮ ಆರೋಗ್ಯಕ್ಕೆ ಎಷ್ಟು ಒಳ್ಳೆಯದೋ ಊರಿನ ನೀರಿಗೂ ಅಷ್ಟೇ ಒಳ್ಳೆಯದು.

1. ದಾರಿ ಆರಿಸಿಕೊಳ್ಳಿ

ಮೊದಲ ಸಲ ಹೊರಡುವವರಿಗೆ ಐದಾರು ಕಿಲೋಮೀಟರ್ ಸಾಕು. ಸಮತಟ್ಟಾದ ಏರಿಯ ಮೇಲೆ ಗಂಟೆಗೆ ಮೂರ್ನಾಲ್ಕು ಕಿ.ಮೀ. ಸಾಗಬಹುದು. ಬೆಟ್ಟ ಹತ್ತುವಾಗ ಅದರ ಅರ್ಧದಷ್ಟು ಲೆಕ್ಕ ಹಾಕಿಕೊಳ್ಳಿ.

*ಮಾವಿನಕೆರೆ ಬೆಟ್ಟ:* ಹೊಳೆನರಸೀಪುರ ತಾಲ್ಲೂಕು ಹಳೇಕೋಟೆ ಹೋಬಳಿಯ ಈ ಬೆಟ್ಟದ ಮೇಲೆ ರಂಗನಾಥಸ್ವಾಮಿ ನೆಲೆಸಿದ್ದಾನೆ. ಹಾಸನ–ಮೈಸೂರು ರೈಲು ಮಾರ್ಗದಲ್ಲಿ ಮಾವಿನಕೆರೆ ನಿಲ್ದಾಣವಿದೆ. ಹೊರಡುವ ಮೊದಲೇ ವಾಪಸ್ ಬರುವ ರೈಲಿನ ವೇಳೆ ನೋಡಿಕೊಳ್ಳಿ.

*ಶ್ರವಣಬೆಳಗೊಳ:* ಚನ್ನರಾಯಪಟ್ಟಣದಿಂದ ಸುಮಾರು 12 ಕಿ.ಮೀ. ಎಲ್ಲರೂ ಗೊಮ್ಮಟನಿರುವ ದೊಡ್ಡಬೆಟ್ಟ ಹತ್ತಿ ಹಿಂದಿರುಗುತ್ತಾರೆ. ನೀವು ಕಲ್ಯಾಣಿಯಿಂದ ಎದುರಿನ ಚಿಕ್ಕಬೆಟ್ಟ ಹತ್ತಿ, ಬಸದಿಗಳನ್ನು ನೋಡಿ, ಅಲ್ಲಿಂದ ಬೆಟ್ಟದ ಉತ್ತರಕ್ಕಿರುವ ಜಿನನಾಥಪುರಕ್ಕೆ ಹೋಗಿ. ಅಲ್ಲಿನ ಶಾಂತಿನಾಥ ಬಸದಿ ಹೊಯ್ಸಳರ ಕಾಲದ ಸೊಗಸಾದ ಕೆತ್ತನೆ. ಬೆಟ್ಟವನ್ನು ಬರಿಗಾಲಲ್ಲಿ ಹತ್ತಬೇಕು. ಹೊತ್ತೇರಿದರೆ ಬಂಡೆ ಸುಡುತ್ತದೆ, ಕಾಲುಚೀಲ ಇಟ್ಟುಕೊಳ್ಳಿ.

*ರಾಮನಾಥಪುರ:* ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿ ದಂಡೆಯ ನಡಿಗೆ. ವಹ್ನಿಪುಷ್ಕರಿಣಿಯ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ, ಅವು ದೇವರ ಮೀನುಗಳು.

*ಗೆಂಡೆಕಟ್ಟೆ:* ಮಕ್ಕಳು, ಹಿರಿಯರು ಜೊತೆಗಿದ್ದರೆ ಹಾಸನದ ಹೊರವಲಯದ ಈ ಅರಣ್ಯದಿಂದಲೇ ಶುರು ಮಾಡಿ.

2. ಕಾಲ ನೋಡಿ ಹೊರಡಿ

ಅಕ್ಟೋಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಮಳೆ ಮುಗಿದು ಕೆರೆ ತುಂಬಿರುತ್ತದೆ, ಹೊಲಗಳಲ್ಲಿ ರಾಗಿ ತೆನೆ ಬಿಟ್ಟಿರುತ್ತದೆ, ಚಳಿಗಾಲದ ವಲಸೆ ಹಕ್ಕಿಗಳೂ ಬಂದಿರುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ನಂತರ ಗುಡುಗು ಸಿಡಿಲಿನ ಮಳೆ ಬರುವುದುಂಟು. ಆಗ ಬೆಟ್ಟದ ನೆತ್ತಿ, ಒಂಟಿ ಮರ, ಬಯಲಿನ ಏರಿ ಮೂರೂ ಅಪಾಯ. ಯಾವ ಕಾಲವಾದರೂ ಬೆಳಕು ಹರಿದ ಮೇಲೆ ಹೊರಟು, ಹನ್ನೊಂದರೊಳಗೆ ನಡಿಗೆ ಮುಗಿಸಿ.

3. ಕೇಳಿಯೇ ಒಳಗೆ ಹೋಗಿ

ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಕಾಲಿಡುವುದು ಕರ್ನಾಟಕ ಅರಣ್ಯ ಕಾಯ್ದೆ, 1963ರ ಪ್ರಕಾರ ಅಪರಾಧ. ಸಣ್ಣ ಗುಡ್ಡವಾದರೂ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ಇಲಾಖೆ ಗುರುತಿಸಿರುವ ಚಾರಣ ಪಥಗಳಿಗೆ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡ ಬುಕಿಂಗ್ ಇದೆ. ಹೊಲದ ಬದುವಿನ ಮೇಲೆ ಹೋಗುವುದಿದ್ದರೆ ರೈತರನ್ನು ಒಂದು ಮಾತು ಕೇಳಿ. ಕೇಳಿದವರಿಗೆ ದಾರಿಯೂ ಸಿಗುತ್ತದೆ, ಕುಡಿಯಲು ನೀರೂ ಸಿಗುತ್ತದೆ.

4. ಚೀಲದಲ್ಲಿ ಇಷ್ಟಿರಲಿ

• ತಲಾ ಎರಡು ಲೀಟರ್ ನೀರು
• ಅವಲಕ್ಕಿ, ಕಡಲೆಕಾಯಿ, ಬಾಳೆಹಣ್ಣು
• ಟೋಪಿ, ಉದ್ದ ಕೈಯ ಅಂಗಿ, ಪೂರ್ಣ ಪ್ಯಾಂಟ್
• ಹಿಡಿತವಿರುವ, ಹಿಮ್ಮಡಿ ಮುಚ್ಚುವ ಶೂ
• ಬ್ಯಾಂಡೇಜ್, ಟಾರ್ಚ್, ಚಾರ್ಜ್ ಮಾಡಿದ ಮೊಬೈಲ್
• ಕಸ ತುಂಬಿಕೊಂಡು ಬರಲು ಒಂದು ಚೀಲ

ಹೋಗುವ ಜಾಗ, ಮರಳುವ ಹೊತ್ತು ಎರಡನ್ನೂ ಮನೆಯಲ್ಲಿ ಹೇಳಿ ಹೊರಡಿ.

5. ಕೆರೆಯನ್ನು ಹೀಗೆ ನೋಡುತ್ತ ನಡೆಯಿರಿ

ಏರಿಯ ಒಂದು ತುದಿಯಿಂದ ಶುರು ಮಾಡಿ. ನೀರಿನ ಕಡೆಗಿನ ಇಳಿಜಾರಿನಲ್ಲಿ ಕಲ್ಲು ಹಾಸಿರುತ್ತಾರೆ, ಅಲೆ ಬಡಿದು ಮಣ್ಣು ಕೊಚ್ಚಿಹೋಗದಿರಲೆಂದು. ಆ ಕಲ್ಲು ಪಾಚಿಗಟ್ಟಿ ಜಾರುತ್ತದೆ, ಇಳಿಯಬೇಡಿ. ಮುಂದೆ ತೂಬು ಸಿಗುತ್ತದೆ, ಅಚ್ಚುಕಟ್ಟಿನ ಗದ್ದೆಗಳಿಗೆ ನೀರು ಹೊರಡುವುದು ಅಲ್ಲಿಂದ. ಒಂದು ಕೊನೆಯಲ್ಲಿ ಕೋಡಿ ಇರುತ್ತದೆ. ಕೆರೆ ತುಂಬಿದಾಗ ಹೆಚ್ಚಾದ ನೀರು ಅಲ್ಲಿಂದ ಹರಿದು ಕೆಳಗಿನ ಕೆರೆ ಸೇರುತ್ತದೆ. ಕೋಡಿ ಬಿದ್ದಾಗ ಅದನ್ನು ದಾಟುವ ಸಾಹಸ ಖಂಡಿತ ಬೇಡ. ಮೊಣಕಾಲುದ್ದದ ನೀರೂ ಸೆಳೆದುಕೊಂಡು ಹೋಗಬಲ್ಲದು.

ಊರಿನಲ್ಲಿ ನೀರುಗಂಟಿ ಇದ್ದರೆ ಮಾತಾಡಿಸಿ. ತೂಬು ಎತ್ತುವುದು ಯಾವಾಗ, ಯಾವ ಗದ್ದೆಗೆ ಮೊದಲ ನೀರು ಎಂಬುದನ್ನೆಲ್ಲ ಅವರ ಬಾಯಿಂದಲೇ ಕೇಳಬೇಕು. ಕೆರೆಯಂಗಳದ ಜೊಂಡಿನ ಬಳಿ ಸದ್ದು ಮಾಡದೆ ನಿಂತರೆ ಗುಳುಮುಳುಕ, ನೀರುಕಾಗೆ, ಮಿಂಚುಳ್ಳಿ ಕಾಣಿಸುತ್ತವೆ. ಅಂಗಳದ ಹೂಳು ಮೇಲೆ ಒಣಗಿದಂತೆ ಕಂಡರೂ ಒಳಗೆ ಕೆಸರಿರುತ್ತದೆ, ಮಕ್ಕಳನ್ನು ಬಿಡಬೇಡಿ.

ಹೊಳೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹೊಳೆನರಸೀಪುರದ ಬಳಿ ಹರಿಯುವ ಹೇಮಾವತಿಗೆ ಮೇಲೆ ಗೊರೂರಿನಲ್ಲಿ ಅಣೆಕಟ್ಟೆ ಇದೆ. ಇಲ್ಲಿ ಮಳೆಯಿಲ್ಲದಿದ್ದರೂ ಅಲ್ಲಿ ನೀರು ಬಿಟ್ಟರೆ ಹೊಳೆ ಏರುತ್ತದೆ. ನಡುವಿನ ಬಂಡೆಗೆ ಹೋಗಿ ಸೆಲ್ಫಿ ತೆಗೆಯಬೇಡಿ.

6. ಬೆಟ್ಟದಲ್ಲಿ ಎಚ್ಚರ

ಈ ಸೀಮೆಯ ಕುರುಚಲು ಕಾಡಿನಲ್ಲಿ ಚಿರತೆಗಳಿವೆ. ಒಬ್ಬರೇ ಹೋಗಬೇಡಿ, ಮುಸ್ಸಂಜೆಯಲ್ಲಿ ನಿಲ್ಲಬೇಡಿ, ಮಕ್ಕಳು ಗುಂಪಿನ ನಡುವೆ ಇರಲಿ. ಅರಕಲಗೂಡಿನ ಕಡೆ ಆನೆ ಬಂದ ಸುದ್ದಿಯಿದ್ದರೆ ಆ ದಿನದ ಚಾರಣ ಬಿಟ್ಟುಬಿಡಿ. ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಸೆಂಟು, ಹೊಗೆ, ಕೂಗಾಟ ಮೂರೂ ಬೇಡ. ಪೊದೆಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ. ಹಾವು ಕಚ್ಚಿದರೆ ಕೊಯ್ಯುವುದು, ಕಟ್ಟುವುದು ಮಾಡದೆ, ಕಚ್ಚಿದ ಅಂಗ ಅಲುಗದಂತೆ ನೋಡಿಕೊಂಡು ನೇರವಾಗಿ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಬೇಸಿಗೆಯಲ್ಲಿ ಒಂದು ಬೀಡಿ ತುಂಡು ಇಡೀ ಗುಡ್ಡವನ್ನು ಸುಡಬಲ್ಲದು.

ನೆನಪಿಡಬೇಕಾದ ಸಂಖ್ಯೆಗಳು: ಆಂಬುಲೆನ್ಸ್ 108, ತುರ್ತು ನೆರವು 112, ಅರಣ್ಯ ಸಹಾಯವಾಣಿ 1926.

7. ಮರಳಿದ ಮೇಲೆ ಒಂದು ಕೆಲಸ

ತೂಬು ಒಡೆದಿದ್ದರೆ, ಕೋಡಿಗೆ ಮಣ್ಣು ಸುರಿದಿದ್ದರೆ, ಏರಿಯಲ್ಲಿ ಮರದ ಬೇರು ಬಿರುಕು ಬಿಡಿಸಿದ್ದರೆ ಫೋಟೊ ತೆಗೆದು ದೂರು ಕೊಡಿ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆಯಿರುವ ಕೆರೆ ಪಂಚಾಯಿತಿ ವ್ಯವಸ್ಥೆಗೆ ಸೇರಿದ್ದು, ಅದಕ್ಕಿಂತ ದೊಡ್ಡದಾದರೆ ಸಣ್ಣ ನೀರಾವರಿ ಇಲಾಖೆಯನ್ನು ಕೇಳಬೇಕು. ಮುಂದಿನ ತಿಂಗಳು ಅದೇ ಕೆರೆಗೆ ಮತ್ತೆ ಹೋಗಿ, ದೂರು ಏನಾಯಿತೆಂದು ನೋಡಿ ಬನ್ನಿ.