ಇಗರ್ಜಿ: ಕಟ್ಟಡವೋ, ಜನರೋ?



ಸಂಡೂರು ತಾಲೂಕಿನ ಬಂಡ್ರಿಯಂಥ ಊರಿನಲ್ಲಿ 'ಗ್ರಾಮಸಭೆ ಸೇರಿದೆ' ಎಂದರೆ ಯಾರೂ ಕಟ್ಟಡವನ್ನು ನೆನೆಯುವುದಿಲ್ಲ. ಕರೆ ಕೇಳಿ ಮನೆಗಳಿಂದ ಹೊರಬಂದು ಒಂದೆಡೆ ಕೂಡಿದ ಜನರೇ ಗ್ರಾಮಸಭೆ. ನಮ್ಮ ವಿಶ್ವಾಸದ ಒಂದು ಮುಖ್ಯ ಪದದ ಮೂಲಾರ್ಥವೂ ಇದೇ.

ಮಂಗಳೂರು ಕಡೆಯ ಕಥೋಲಿಕರು ದೇವಾಲಯವನ್ನು 'ಇಗರ್ಜಿ' ಎನ್ನುವುದನ್ನು ಕೇಳಿರಬಹುದು. ಅದು ಪೋರ್ಚುಗೀಸರ 'ಇಗ್ರೇಜ' ಎಂಬ ಪದದಿಂದ ಬಂದದ್ದು. ಸ್ಪ್ಯಾನಿಷಿನ 'ಇಗ್ಲೇಸಿಯ', ಫ್ರೆಂಚಿನ 'ಎಗ್ಲೀಸ್', ಇಟಾಲಿಯನ್ನಿನ 'ಕಿಯೇಜ' ಇದರ ಒಡಹುಟ್ಟುಗಳು. ಇವೆಲ್ಲಕ್ಕೂ ತಾಯಿ ಲತೀನಿನ 'ಎಕ್ಲೇಸಿಯ'. ಅದರ ತವರು ಗ್ರೀಕ್ ಭಾಷೆ. ಅಲ್ಲಿ 'ಎಕ್' ಎಂದರೆ ಹೊರಗೆ, 'ಕಲೇಯಿನ್' ಎಂದರೆ ಕರೆಯುವುದು.

ಗ್ರೀಕರಲ್ಲಿ ಇದು ಪಟ್ಟಣದ ನಾಗರಿಕರ ಸಭೆಯ ಹೆಸರಾಗಿತ್ತು. ಪ್ರೇಷಿತರ ಕಾರ್ಯಕಲಾಪಗಳ 19ನೆಯ ಅಧ್ಯಾಯದಲ್ಲಿ ಎಫೆಸದ ಜನರ ಸಭೆಗೂ ಮೂಲದಲ್ಲಿ ಇದೇ ಪದವಿದೆ. ಹಳೆಯ ಒಡಂಬಡಿಕೆಯನ್ನು ಗ್ರೀಕಿಗೆ ತಂದವರು ದೇವರ ಮುಂದೆ ನೆರೆದ ಇಸ್ರಯೇಲರನ್ನೂ ಹೀಗೆಯೇ ಕರೆದರು. ನಾಲ್ಕು ಶುಭಸಂದೇಶಗಳಲ್ಲಿ ಈ ಪದ ಬರುವುದು ಮತ್ತಾಯನಲ್ಲಿ ಮಾತ್ರ: 16:18 ಮತ್ತು 18:17ರಲ್ಲಿ.

ಒಂದು ವಿಶೇಷ ನೋಡಿ. ಲತೀನಿನ ಮತ್ತೊಂದು ಮಗಳಾದ ರುಮೇನಿಯನ್ ಭಾಷೆಯಲ್ಲಿ 'ಬಿಸೆರಿಕಾ' ಎನ್ನುತ್ತಾರೆ. ಅದು 'ಬಸಿಲಿಕ'ದಿಂದ, ಅಂದರೆ ಕಟ್ಟಡದ ಹೆಸರಿನಿಂದ ಬಂದದ್ದು. ನಮ್ಮ ಕನ್ನಡದಲ್ಲಾದರೋ ಎರಡು ಪದಗಳಿವೆ: ಕಟ್ಟಡಕ್ಕೆ ದೇವಾಲಯ, ಜನರಿಗೆ ಧರ್ಮಸಭೆ. 'ಎಕ್ಲೇಸಿಯ'ದ ಮೂಲಾರ್ಥವನ್ನು ಧರ್ಮಸಭೆ ಎಂಬ ಪದ ಚೆನ್ನಾಗಿ ಉಳಿಸಿಕೊಂಡಿದೆ.

ಹೀಗಿರುವಾಗ, ದೇವಾಲಯ ದೂರವಿರುವ ಹಳ್ಳಿಯ ಕುಟುಂಬಗಳು 'ನಮ್ಮೂರಲ್ಲಿ ಚರ್ಚಿಲ್ಲ' ಎಂದು ಪ್ರಾರ್ಥನೆಯನ್ನೇ ಕೈಬಿಡುವುದು ಸರಿಯೇ? ಅಕ್ವಿಲ ಮತ್ತು ಪ್ರಿಸ್ಕಿಲ ದಂಪತಿಗಳ ಮನೆಯಲ್ಲಿ ಸೇರುತ್ತಿದ್ದವರನ್ನು ಸಂತ ಪೌಲರು ಧರ್ಮಸಭೆಯೆಂದೇ ಕರೆದರು (1 ಕೊರಿಂಥ 16:19). 1964ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯೂ ಕುಟುಂಬವನ್ನು 'ಗೃಹ ಧರ್ಮಸಭೆ' ಎಂದಿತು. ಇದು ಭಾನುವಾರದ ಬಲಿಪೂಜೆಗೆ ಬದಲಿಯಲ್ಲ. ಅದಕ್ಕೆ ನಮ್ಮನ್ನು ಅಣಿಗೊಳಿಸುವ ದಾರಿ. ದೇವಾಲಯದ ಪಕ್ಕದಲ್ಲೇ ಇರುವವರಿಗೂ ಇಲ್ಲೊಂದು ಎಚ್ಚರಿಕೆಯಿದೆ: ಗೋಡೆ ಎಷ್ಟೇ ಚೆಂದವಿರಲಿ, ಕರೆಗೆ ಓಗೊಟ್ಟು ಬರುವವರಿಲ್ಲದಿದ್ದರೆ ಅಲ್ಲಿ 'ಎಕ್ಲೇಸಿಯ' ಇಲ್ಲ.

ಈ ವಾರ ಒಂದು ಸಂಜೆ ಮನೆಯವರೆಲ್ಲ ಕೂಡಿ ಮತ್ತಾಯ 18:15–20ನ್ನು ಓದಿರಿ. ಮುನಿಸಿಕೊಂಡು ದೂರವಾದ ಬಂಧುವೊಬ್ಬರಿದ್ದರೆ ಅವರನ್ನೂ ಕರೆಯಿರಿ. ಕರೆಯುವುದರಿಂದಲೇ ಧರ್ಮಸಭೆ ಆರಂಭವಾಗುತ್ತದೆ.