ರೆಸಿಸ್ಟರ್ ಇರಬೇಕಾದ್ದು ಬಾಗಿಲ ಬಳಿ

ಆ್ಯಕ್ಸೆಸ್ ಕಂಟ್ರೋಲ್ ಇರುವ ಸರ್ವರ್ ಕೋಣೆಯ ಬಾಗಿಲ ಚೌಕಟ್ಟಿನಲ್ಲಿ ಪುಟ್ಟದೊಂದು ಮ್ಯಾಗ್ನೆಟಿಕ್ ಸೆನ್ಸರ್ ಇರುತ್ತದೆ. ಬಾಗಿಲು ಮುಚ್ಚಿದರೆ ಸರ್ಕ್ಯೂಟ್ ಕೂಡುತ್ತದೆ, ತೆರೆದರೆ ಕಡಿಯುತ್ತದೆ. ಕಂಟ್ರೋಲರ್‌ಗೆ ತಿಳಿಯುವುದು ಇಷ್ಟೇ ಆದರೆ ಅದನ್ನು ವಂಚಿಸುವುದು ಸುಲಭ. ಫಾಲ್ಸ್ ಸೀಲಿಂಗ್ ಮೇಲೆ ಆ ಎರಡು ವೈರ್‌ಗಳನ್ನು ಸುಲಿದು ಒಟ್ಟಿಗೆ ಹೊಸೆದರೆ ಮುಗಿಯಿತು. ಬಾಗಿಲು ಹಾರುಹೊಡೆದಿದ್ದರೂ ಕಂಪ್ಯೂಟರ್ ಪರದೆಯಲ್ಲಿ ‘ಮುಚ್ಚಿದೆ’ ಎಂದೇ ಕಾಣುತ್ತದೆ.

ಇದನ್ನು ತಡೆಯುವುದೇ ಸೂಪರ್‌ವೈಸ್ಡ್ ಇನ್‌ಪುಟ್, ಅಂದರೆ ವೈರ್‌ಗಳ ರೆಸಿಸ್ಟೆನ್ಸ್ ಅಳೆದು ಬಾಗಿಲ ಸ್ಥಿತಿಯನ್ನೂ ವೈರ್ ದೋಷವನ್ನೂ ಬೇರೆ ಬೇರೆಯಾಗಿ ಗುರುತಿಸುವ ಇನ್‌ಪುಟ್. ಅದಕ್ಕೆ ಬೇಕಾದ್ದು ಎರಡು ರೆಸಿಸ್ಟರ್. ಹಲವು ಕಂಟ್ರೋಲರ್‌ಗಳು 1 ಕಿಲೋ ಓಮ್‌ನವನ್ನು ಕೇಳುತ್ತವೆ, ಕೆಲವಕ್ಕೆ 2.2 ಅಥವಾ 4.7 ಕಿಲೋ ಓಮ್ ಬೇಕು. ಮ್ಯಾನ್ಯುಯಲ್ ನೋಡಿಯೇ ಕೊಳ್ಳಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಇವು ಪುಡಿಗಾಸಿಗೆ ಸಿಗುತ್ತವೆ. ಶೇ 1ರ ಟಾಲರೆನ್ಸ್‌ನ ಕಾಲು ವ್ಯಾಟ್ ರೆಸಿಸ್ಟರ್ ಸಾಕು.

ಜೋಡಣೆ ಹೀಗೆ. ಕಂಟ್ರೋಲರ್ ಇರುವ ಪ್ಯಾನೆಲ್‌ನಿಂದ ಬಂದ ಒಂದು ವೈರ್‌ಗೆ ಮೊದಲ ರೆಸಿಸ್ಟರ್‌ನ ಒಂದು ಕಾಲು, ಅದರ ಇನ್ನೊಂದು ಕಾಲು ಸೆನ್ಸರ್‌ನ ಒಂದು ತುದಿಗೆ. ಸೆನ್ಸರ್‌ನ ಮತ್ತೊಂದು ತುದಿಗೆ ಪ್ಯಾನೆಲ್‌ನ ಎರಡನೇ ವೈರ್. ಎರಡನೇ ರೆಸಿಸ್ಟರನ್ನು ಸೆನ್ಸರ್‌ನ ಎರಡು ತುದಿಗಳಿಗೆ ಅಡ್ಡಲಾಗಿ ಹಾಕಬೇಕು. ಬೆಸುಗೆ ಹಾಕಿ, ಹೀಟ್ ಶ್ರಿಂಕ್ ಟ್ಯೂಬ್ ತೊಡಿಸಿದರೆ ಭದ್ರ.

ಕೆಲಸ ಕೆಡುವುದು ಇಲ್ಲಿಯೇ. ಚೌಕಟ್ಟಿನ ಇಕ್ಕಟ್ಟಿನಲ್ಲಿ ಕೈಯಾಡದೆ, ಎಷ್ಟೋ ಸಲ ರೆಸಿಸ್ಟರ್‌ಗಳನ್ನು ಪ್ಯಾನೆಲ್ ಪೆಟ್ಟಿಗೆಯೊಳಗೇ ಸಿಕ್ಕಿಸಿಬಿಡುತ್ತಾರೆ. ಆಗ ಪರದೆಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಆದರೆ ಪೆಟ್ಟಿಗೆಯಿಂದ ಬಾಗಿಲವರೆಗಿನ ಅಷ್ಟೂ ಕೇಬಲ್‌ಗೆ ಕಾವಲೇ ಇರುವುದಿಲ್ಲ. ಇಂಥ ಕೆಲಸಕ್ಕೆ ಬಿಲ್ ಪಾಸು ಮಾಡಲೇಬಾರದು.

ಪ್ಯಾನೆಲ್‌ಗೆ ಸಿಕ್ಕಿಸುವ ಮೊದಲು ಬಿಡಿ ವೈರ್‌ಗಳ ಮೇಲೆ ಮಲ್ಟಿಮೀಟರ್ ಇಡಬೇಕು. ಸಿಕ್ಕಿಸಿದ ಮೇಲೆ ಅಳೆದರೆ ಪ್ಯಾನೆಲ್‌ನ ವೋಲ್ಟೇಜ್ ಸೇರಿ ಲೆಕ್ಕ ತಪ್ಪುತ್ತದೆ. 1 ಕಿಲೋ ಓಮ್ ಜೋಡಿಯಾದರೆ, ಬಾಗಿಲು ಮುಚ್ಚಿದಾಗ ಮೀಟರ್ ಸುಮಾರು 1,000 ಓಮ್ ತೋರಿಸಬೇಕು, ತೆರೆದಾಗ 2,000. ಐವತ್ತು ಮೀಟರ್ ಕೇಬಲ್ ಇದ್ದರೂ ಅದರ ಪಾಲು ಐದಾರು ಓಮ್ ಅಷ್ಟೇ. ಸೊನ್ನೆ ಬಂದರೆ ಎಲ್ಲೋ ಶಾರ್ಟ್ ಆಗಿದೆ, ಏನೂ ತೋರಿಸದಿದ್ದರೆ ವೈರ್ ತುಂಡಾಗಿದೆ.

ಇನ್ನು ಸಾಫ್ಟ್‌ವೇರ್. ಇನ್‌ಪುಟ್ ಬಗೆಯನ್ನು ‘ಸೂಪರ್‌ವೈಸ್ಡ್’ ಎಂದು ಬದಲಿಸಿ, ಹಾಕಿದ ರೆಸಿಸ್ಟರ್‌ನ ಓಮ್ ಮೌಲ್ಯವನ್ನೇ ಆರಿಸಬೇಕು. ಇದನ್ನು ಮರೆತರೆ ಬಾಗಿಲ ಬಳಿ ಪಟ್ಟ ಶ್ರಮವೆಲ್ಲ ವ್ಯರ್ಥ. ಒಳಗಿನಿಂದ ಹೊರಬರಲು ಒತ್ತುವ ಎಕ್ಸಿಟ್ ಬಟನ್‌ಗೂ ಇದೇ ಜೋಡಣೆ ನಡೆಯುತ್ತದೆ, ಲೆಕ್ಕ ಮಾತ್ರ ತಿರುಗುಮುರುಗು: ಸುಮ್ಮನಿದ್ದಾಗ 2,000, ಒತ್ತಿದಾಗ 1,000. ಹಾಗಾಗಿ ಅದನ್ನು ‘ನಾರ್ಮಲಿ ಓಪನ್’ ಎಂದೇ ಗುರುತಿಸಬೇಕು.

ವೈರ್ ದೋಷದ ಅಲಾರಂ ಹಗಲೂ ರಾತ್ರಿ ಚಾಲ್ತಿಯಲ್ಲಿರಲಿ. ಕಚೇರಿ ವೇಳೆಯಲ್ಲಿ ಬಾಗಿಲು ತೆರೆದಿಟ್ಟು, ಅದರ ಅಲಾರಂ ತಡೆಹಿಡಿದಿರುವಾಗಲೇ ವೈರ್‌ಗೆ ಕೈಹಾಕುವುದು ಸುಲಭ.

ಕೊನೆಗೆ, ಪ್ಯಾನೆಲ್ ಚಾಲೂ ಇರುವಾಗಲೇ ಬಾಗಿಲ ತುದಿಯಲ್ಲಿ, ರೆಸಿಸ್ಟರ್‌ಗೆ ಮೊದಲು, ಎರಡೂ ವೈರ್‌ಗಳನ್ನು ಒಂದಕ್ಕೊಂದು ತಾಗಿಸಿ ನೋಡಬೇಕು. ಆಮೇಲೆ ಒಂದನ್ನು ಬಿಚ್ಚಿ ನೋಡಬೇಕು. ಎರಡು ಸಲವೂ ಪರದೆಯಲ್ಲಿ ಬೇರೆ ಬೇರೆ ದೋಷದ ಹೆಸರು ಬಂದರೆ ಆ ಬಾಗಿಲ ಕೆಲಸ ಮುಗಿದಂತೆ.