ಹಳ್ಳಿಯ ಕೂಸು ಎದ್ದು ನಡೆಯುವ ವೇಳೆ

ಮಾದಾಪುರದಲ್ಲಿ ಮುಗಿಲೆತ್ತರದ ಕಟ್ಟಡಗಳನ್ನು ಕಟ್ಟಲು ರಾಯಚೂರು, ಯಾದಗಿರಿ, ಕಲಬುರಗಿ ಸೀಮೆಯ ಹಳ್ಳಿಗಳಿಂದ ವಲಸೆ ಬಂದವರಲ್ಲಿ ಕೂಸಿನ ತಾಯಂದಿರೂ ಇದ್ದಾರೆ. ತಾಯಿ ದುಡಿಯುವಾಗ ಕೂಸು ಸೀರೆಯ ಜೋಲಿಯಲ್ಲಿರುತ್ತದೆ. ಜೋಲಿ ಅಪಾಯದಿಂದ ಕಾಯುವುದು ನಿಜ. ಆದರೆ ದಿನವಿಡೀ ಅದರಲ್ಲೇ ಇರುವ ಮಗುವಿಗೆ ಬೋರಲಾಗಿ ಕತ್ತೆತ್ತಲು, ಹೊರಳಲು, ತೆವಳಲು ನೆಲವೇ ದೊರೆಯದು.

ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿದಂತೆ 5 ದೇಶಗಳ ಆರೋಗ್ಯವಂತ ಶಿಶುಗಳನ್ನು ಅವಲೋಕಿಸಿ 2006ರಲ್ಲಿ ಪ್ರಕಟಿಸಿದ ಅಳತೆಯಂತೆ, ಬಹುತೇಕ ಎಲ್ಲ ಮಕ್ಕಳೂ 9.2 ತಿಂಗಳೊಳಗೆ ಆಧಾರವಿಲ್ಲದೆ ಕೂರುತ್ತಾರೆ, 17.6 ತಿಂಗಳೊಳಗೆ ತಾವಾಗಿಯೇ ನಡೆಯುತ್ತಾರೆ. ಅಂಬೆಗಾಲಿಡದೆಯೇ ನಡೆದವರೂ ಅಲ್ಲಿದ್ದರು. ಅದೊಂದಕ್ಕೇ ಗಾಬರಿ ಬೇಡ. ಅವಧಿಗೆ ಮುನ್ನ ಜನಿಸಿದ ಮಗುವಿಗೆ ತಿಂಗಳುಗಳನ್ನು ವೈದ್ಯರು ಕೊಟ್ಟಿದ್ದ ಹೆರಿಗೆಯ ದಿನದಿಂದ ಎಣಿಸಬೇಕು.

“ಇವನಪ್ಪನೂ ತಡವಾಗಿಯೇ ನಡೆದ” ಎಂಬ ಅಜ್ಜಿಯ ಮಾತು ಎಷ್ಟೋ ಸಲ ಸರಿಯೇ. ಆದರೆ 4 ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಕೈಕಾಲು ಬಿಗಿದುಕೊಂಡಿದ್ದರೆ ಇಲ್ಲವೆ ಜೋತುಬಿದ್ದಿದ್ದರೆ, ಕಲಿತುದನ್ನು ಮಗು ಮರೆತರೆ ಕಾಯುವುದು ತರವಲ್ಲ. ಹುಟ್ಟಿದೊಡನೆ ಅಳದಿದ್ದ, ತೀವ್ರ ಕಾಮಾಲೆಯಾಗಿದ್ದ ಮಕ್ಕಳ ಮೇಲೆ ವಿಶೇಷ ನಿಗಾ ಅಗತ್ಯ. ಅಪೌಷ್ಟಿಕತೆ, ರಕ್ತಹೀನತೆಗಳೂ ನಡಿಗೆಯನ್ನು ಹಿಂದಕ್ಕೆಳೆಯುತ್ತವೆ. ಇವು ಬಲುಮಟ್ಟಿಗೆ ಸರಿಪಡಿಸಬಹುದಾದವು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇಂಥ ತಪಾಸಣೆ ಉಚಿತ. ಅಂಗನವಾಡಿಯೇ ಅದರ ಬಾಗಿಲು. ವಲಸೆ ಬಂದ ಮಗುವಿನ ಹೆಸರು ಮಾತ್ರ ಊರಿನ ದಾಖಲೆಯಲ್ಲೇ ಉಳಿದುಬಿಡುತ್ತದೆ. ಖಾತೆ ಒಂದು ಶಾಖೆಯಲ್ಲಿ, ಖಾತೆದಾರ ಇನ್ನೊಂದೂರಿನಲ್ಲಿ ಎಂಬಂತೆ! ಆ ತಾಯಿ ತನ್ನ ತಾಯಿ ಕಾರ್ಡಿನೊಡನೆ ಇಲ್ಲಿನ ಅಂಗನವಾಡಿಗೆ ಹೋಗುವಾಗ, ತೆಲುಗು ಬಲ್ಲ ನಮ್ಮ ಸದಸ್ಯರೊಬ್ಬರು ಜೊತೆಗಿದ್ದರೆ ಕೆಲಸ ಅರ್ಧ ಗಂಟೆಯದು.